ಖಡೇಬಜಾರದ ಕಾಕಾ ಅವರಿಗೆ ಕೃತಜ್ಞತೆಗಳು

ಹಿರೋಷಿಮಾದ ಶಾಂತಿ ಉದ್ಯಾನಕ್ಕೆ ಬೆಳಗಾವಿಯಿಂದ ಹೊರಟ ಸಾವಿರ ಕಾಗದದ ಕೊಕ್ಕರೆಗಳು ಹರಿಯದೆ, ನಜ್ಜಾಗದೆ ಮುಟ್ಟಿದವು. ಹೆಸರು ಹೇಳದೆ, ಕೂಲಿಯನ್ನೂ ತಗೊಳ್ಳದೆ ಹಾಳೆ ಕತ್ತರಿಸಿಕೊಟ್ಟ ಕಾಕಾ, ಇದು ನಿಮ್ಮ ಕೈಗುಣ.

ಏಳೂವರೆ ಸೆಂಟಿಮೀಟರಿನ ಚೌಕ ಒಂದು ಮಿಲಿಮೀಟರ್ ಓರೆಯಾದರೂ ಸಾಕು, ಮಡಿಕೆಯಿಂದ ಮಡಿಕೆಗೆ ತಪ್ಪು ಬೆಳೆದು ಕೊನೆಗೆ ಕೊಕ್ಕು ಮೊಂಡಾಗುತ್ತದೆ. ನಿಮ್ಮ ಹಾಳೆಗಳಲ್ಲಿ ಅದು ಆಗಲೇ ಇಲ್ಲ. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿ ಗೆರೆ ನಿಲ್ಲುವುದಿಲ್ಲ, ಆ ಹೊತ್ತಿಗೆ ಬೇಕಾದಷ್ಟೇ ಕಟ್ಟು ಬಿಚ್ಚಿರಿ ಎಂದಿರಿ. ಬಹಳ ಉಪಯೋಗವಾಯಿತು.

ಪೋಣಿಸುವುದೇ ಕಷ್ಟದ ಕೆಲಸ. 25 ದಾರ, ದಾರಕ್ಕೆ 40 ಕೊಕ್ಕರೆ. ಸೂಜಿ ಹೊಟ್ಟೆಯ ಸಣ್ಣ ತೂತಿನಿಂದ ಹೊಕ್ಕು ಬೆನ್ನಿನ ನಟ್ಟನಡುವೆ ಹೊರಬರಬೇಕು. ಸ್ವಲ್ಪ ವಾಲಿದರೂ ಇಡೀ ಸಾಲು ತಿರುಚಿಕೊಳ್ಳುತ್ತದೆ. ಬರೀ ಗಂಟು ಹಾಕಿದರೆ ಭಾರಕ್ಕೆ ಕೆಳಗಿನ ಕೊಕ್ಕರೆ ಸೀಳುತ್ತದೆಂದು ನೀವು ಬುಡಕ್ಕೊಂದು ಮಣಿ ಕಟ್ಟಿಸಿದಿರಿ. ರೆಕ್ಕೆ ಬಿಡಿಸದೆ ಪೆಟ್ಟಿಗೆಯಲ್ಲಿ ಮಲಗಿಸಿದ್ದರಿಂದ ಜಾಗವೂ ಉಳಿಯಿತು.

ಆಸ್ಪತ್ರೆಯಲ್ಲಿ ಇಂಥ ಕೊಕ್ಕರೆಗಳನ್ನು ಮಡಿಸಿದ ಹಿರೋಷಿಮಾದ ಹುಡುಗಿ ಸದಾಕೋ ಸಸಾಕಿ, ಅಣುಬಾಂಬ್ ಬಿದ್ದ 1945ರ ಆಗಸ್ಟ್ 6ರಂದು ಎರಡು ವರ್ಷದ ಕೂಸು. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ 12. ಸಹಪಾಠಿಗಳು ಶುರು ಮಾಡಿದ ನಿಧಿಯಿಂದ 1958ರಲ್ಲಿ ಎದ್ದ ಮಕ್ಕಳ ಶಾಂತಿ ಸ್ಮಾರಕದ ಹತ್ತಿರ, ಗಾಜಿನ ಗೂಡುಗಳಲ್ಲಿ ಈ ಮಾಲೆಗಳನ್ನು ತೂಗುಹಾಕುತ್ತಾರೆ. ಅದಕ್ಕೆ ಮೇಲ್ತುದಿಯಲ್ಲಿ ಗಟ್ಟಿ ಕುಣಿಕೆ ಬೇಕೇ ಬೇಕು. ನೀವು ಹಾಕಿಕೊಟ್ಟ ಕುಣಿಕೆ ಬಿಗಿಯಾಗಿ ನಿಂತಿದೆ, ಕಾಕಾ.

ಮುಂದೆ ಇಲ್ಲಿಂದ ಹೋಗುವವರು ಟ್ರಾಮಿನಲ್ಲಿ ಗೆನ್‌ಬಾಕು ಡೋಮು-ಮಾಯೆ ನಿಲ್ದಾಣಕ್ಕೆ ಇಳಿಯಿರಿ. ಅಲ್ಲಿಂದ ಸ್ಮಾರಕಕ್ಕೆ ನಡೆದೇ ಹೋಗಬಹುದು.