ವಿದುರ ಬಿಲ್ಲು ಮುರಿಯುವವರೆಗೆ ಕಾದವರಿಗೆ

ಕಳೆದ ಆಟಿ ತಿಂಗಳಲ್ಲಿ ನಮ್ಮೂರ ಭಜನಾಮಂದಿರದಲ್ಲಿ ನಡೆದ ಮಹಿಳೆಯರ ತಾಳಮದ್ದಲೆಯಲ್ಲಿ ನಾನು ವಿದುರನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳಿದೆ. ತಾಳಮದ್ದಲೆ ಎಂದರೆ ವೇಷ, ಕುಣಿತಗಳಿಲ್ಲದೆ, ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಕೃಷ್ಣಸಂಧಾನ. ಮಳೆ ಜೋರಿತ್ತು, ಬಂದವರು ಹೆಚ್ಚೇನಿಲ್ಲ. ಆದರೂ ಮರುದಿನದಿಂದ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ನಿಮ್ಮ ಉಗ್ಗು ಹೇಗೆ ಹೋಯಿತು?” ಹೋಗಿಲ್ಲ. ಅಂದು ಎದುರು ಕುಳಿತಿದ್ದವರಿಗೆ ಅದು ಚೆನ್ನಾಗಿ ಗೊತ್ತು. ಬಾರದವರಿಗೂ ತಿಳಿಯಲಿ ಎಂದು, ಮತ್ತು ಒಬ್ಬೊಬ್ಬರ ಮನೆಗೂ ಹೋಗಿ ಕೈಮುಗಿಯಲು ಆಗದ ಕಾರಣ, ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಾತಿನ ಸೀಮೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಅಲ್ಲಿಂದ ಒಳನಾಡಿಗೆ ಬಂದರೆ ಶೇಣಿ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವೇಷವಿಲ್ಲದೆ, ಕುಳಿತಲ್ಲಿಂದ ಏಳದೆ, ಬರೀ ಮಾತಿನಿಂದ ರಾವಣನನ್ನು ಕಣ್ಣೆದುರು ತರುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ಬೆಳೆದವರು ನಾವು. ಅಡಿಕೆ ಸುಲಿಯುವ ಜಗಲಿಯಲ್ಲೂ ಇಲ್ಲಿ ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂಬ ವಾದ ನಡೆಯುತ್ತದೆ. ಅಂಥ ಊರಲ್ಲಿ, ಹೆಸರೇನೆಂದು ಕೇಳಿದರೆ ಹೇಳಲಾಗದ ಹುಡುಗಿಯಾಗಿ ನಾನು ಬೆಳೆದೆ. ಹೆಸರಿನದೇ ದೊಡ್ಡ ಪೀಡೆ. ಉಳಿದ ಮಾತುಗಳಿಗಾದರೆ ನಾಲಿಗೆಗೆ ಹಗುರವಾದ ಇನ್ನೊಂದನ್ನು ಹುಡುಕಿಕೊಳ್ಳಬಹುದು, ಹೆಸರಿಗೆ ಬದಲಿ ಇಲ್ಲ. ಮನೆಯವರು ಜೇನಿನಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಮಧೂರಿನ ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡರು. ಬಜೆಯ ಕಟುವಾಸನೆ ನೆನೆದರೆ ಈಗಲೂ ಮೂಗು ಸಿಂಡರಿಸುತ್ತೇನೆ. ಅಪ್ಪ ಮಾತ್ರ ರುಚಿಯಾಗಿತ್ತು.

ಬಕಾರ, ಪಕಾರಗಳು ನನಗೆ ಹುಟ್ಟು ವೈರಿಗಳು. ತುಟಿ ಕೂಡಿದರೆ ಬಿಡಿಸಿಕೊಳ್ಳುವುದಿಲ್ಲ. ವಿಧಿಯ ಕುಚೋದ್ಯ ನೋಡಿ, ಮದುವೆಯಾಗಿ ಬಂದದ್ದು ಬದಿಯಡ್ಕಕ್ಕೆ. ಕುಂಬಳೆಯಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ. ಯಾರೊಡನೆಯೂ ಮಾತನಾಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಹಿಡಿದ ಕೆಲಸ ಅದು. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ “ಮುಳ್ಳೇರಿಯ” ಎನ್ನುತ್ತಿದ್ದೆ. ಮಕಾರ ನನಗೆ ಸಲೀಸು. ಮುಳ್ಳೇರಿಯದವರೆಗಿನ ಹಣ ಕೊಟ್ಟು ಬದಿಯಡ್ಕದಲ್ಲೇ ಇಳಿದು ಹೋಗುತ್ತಿದ್ದೆ. ಹೀಗೆ ವರ್ಷಗಟ್ಟಲೆ ನಾನು ತೆತ್ತ ಹೆಚ್ಚುವರಿ ಬಸ್ ದರದ ಲೆಕ್ಕವನ್ನು, ಲೆಕ್ಕವೇ ವೃತ್ತಿಯಾದ ನಾನು, ಇನ್ನೂ ಹಾಕಿ ನೋಡಿಲ್ಲ.

ಸರಕಾರಿ ಕಚೇರಿಗಳಲ್ಲಿ ನನಗೆ ಇನ್ನೂ ಒಳ್ಳೆಯ ಅಡಗುತಾಣವಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಲ್ಲೆಲ್ಲ ಮಲಯಾಳವೇ ಮೊದಲು. ನಾನು ತಡವರಿಸಿದರೆ ಎದುರಿನವರು “ಕನ್ನಡದವರು, ಮಲಯಾಳ ಬರುವುದಿಲ್ಲ ಪಾಪ” ಎಂದುಕೊಂಡು ತಾವೇ ಅರ್ಜಿ ತುಂಬಿಕೊಡುತ್ತಿದ್ದರು. ಮಲಯಾಳ ನನಗೆ ನೀರು ಕುಡಿದಷ್ಟು ಸುಲಭ. ಗಡಿನಾಡಿನ ಕನ್ನಡಿಗರ ಕಷ್ಟಗಳ ಬಗ್ಗೆ ಭಾಷಣಗಳಾಗುವಾಗೆಲ್ಲ, ಆ ಕಷ್ಟ ನನ್ನೊಬ್ಬಳಿಗೆ ಮಾಡಿದ ಉಪಕಾರ ನೆನಪಾಗಿ ತಲೆ ತಗ್ಗಿಸಿ ನಗುತ್ತೇನೆ.

ಮೊದಲ ಕೃತಜ್ಞತೆ ಮಂಗಳೂರಿನ ಒಬ್ಬ ಸ್ಪೀಚ್ ಥೆರಪಿಸ್ಟ್ ಅವರಿಗೆ. ನಾನು ಅವರಲ್ಲಿಗೆ ಹೋದದ್ದು ನನಗಾಗಿ ಅಲ್ಲ. ಮಗಳಿಗೆ ನಾಲ್ಕು ವರ್ಷವಾದಾಗ ಅವಳೂ ಮಾತಿನ ನಡುವೆ ತಡೆಯತೊಡಗಿದ್ದಳು, ನನ್ನ ಜೀವ ಬಾಯಿಗೆ ಬಂದಿತ್ತು. ಅವರು ನಿಧಾನವಾಗಿ ವಿವರಿಸಿದರು: ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ಬಿಟ್ಟುಹೋಗುತ್ತದೆ. ದೊಡ್ಡವರಲ್ಲಿ 100ಕ್ಕೆ ಸುಮಾರು ಒಬ್ಬರಿಗೆ ಉಳಿದುಕೊಳ್ಳುತ್ತದೆ, ಅವರಲ್ಲೂ ಗಂಡಸರೇ ಹೆಚ್ಚು. ಮನೆತನದಲ್ಲಿ ಬರುವುದೂ ಉಂಟು. ಹೆದರಿಕೆಯಿಂದ ಹುಟ್ಟುವಂಥದ್ದಲ್ಲ, ಹೆದರಿಕೊಂಡಷ್ಟೂ ಬಿಗಿ ಹೆಚ್ಚುತ್ತದೆ ಅಷ್ಟೆ. ಆವರೆಗೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ನನ್ನ ಗಂಡ. ಆಕೆ ಮಗಳ ಕಡತ ಮುಚ್ಚಿ ನನ್ನ ಕಡೆ ತಿರುಗಿ, “ಮಗುವಿನದು ಸರಿ. ನಿಮ್ಮ ವಿಷಯವೇನು?” ಎಂದರು. ಮಗಳು ಕೆಲವೇ ತಿಂಗಳಲ್ಲಿ ಸರಿಹೋದಳು. ನಾನು ಅಲ್ಲೇ ಉಳಿದೆ.

ಉಗ್ಗು ಬಿಡಿಸುತ್ತೇನೆಂದು ಅವರು ಒಂದು ಸಲವೂ ಹೇಳಲಿಲ್ಲ. ಕಲಿಸಿದ್ದು ಕೆಲವು ಸಣ್ಣ ಕೌಶಲಗಳು. ಬಕಾರಕ್ಕೆ ತುಟಿ ಒತ್ತಬೇಡಿ, ತಾಗಿಸಿದರೆ ಸಾಕು. ಮೊದಲು ತುಸು ಉಸಿರು ಹೋಗಲಿ, ಅದರ ಬೆನ್ನಿಗೆ ಸ್ವರ ಬರಲಿ. ಮಾತು ಸಿಕ್ಕಿಕೊಂಡರೆ ಹಿಂದೆ ಹೋಗಿ ಹೊಸದಾಗಿ ಶುರು ಮಾಡಬೇಡಿ, ಸಿಕ್ಕಿಕೊಂಡಲ್ಲೇ ಬಿಗಿ ಸಡಿಲಿಸಿ ಮುಂದೆ ಬನ್ನಿ. ಇದೆಲ್ಲ ಅವರ ಕೋಣೆಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಬದಿಯಡ್ಕದ ಪೇಟೆಯಲ್ಲಿ ಬರುತ್ತಿರಲಿಲ್ಲ. ಆಗ ಅವರು ಕೊಟ್ಟ ಮನೆಕೆಲಸ ಕೇಳಿ ನನಗೆ ಸಿಟ್ಟೇ ಬಂತು: ಯಾವುದಾದರೂ ಅಂಗಡಿಗೆ ಹೋಗಿ, ಸುಲಭವಾಗಿ ಬರುವ ಒಂದು ಮಾತನ್ನು ಬೇಕೆಂದೇ ಉಗ್ಗಿ ಹೇಳಿ ಬನ್ನಿ. ಜನ್ಮವಿಡೀ ಮುಚ್ಚಿಟ್ಟದ್ದನ್ನು ಪೇಟೆಯ ನಡುವೆ ಹರಡಿ ಬರಬೇಕು! ತಕಾರ ನನಗೆ ಕಷ್ಟವಿಲ್ಲ. ದಿನಸಿ ಅಂಗಡಿಯ ಕಾಕನ ಎದುರು ನಿಂತು “ತೆ… ತೆ… ತೆಂಗಿನೆಣ್ಣೆ” ಎಂದೆ. ಆಕಾಶ ಕಳಚಿ ಬೀಳಬೇಕಿತ್ತು. ಕಾಕ ತಕ್ಕಡಿಯಿಂದ ಕಣ್ಣೆತ್ತಿ “ಅರ್ಧ ಲೀಟರೋ, ಒಂದೋ?” ಎಂದು ಕೇಳಿದರು. ಒಂದು ಎಂದೆ. ಮನೆಯಲ್ಲಿ ಎಣ್ಣೆ ಬೇಕಾದಷ್ಟಿತ್ತು. ಆ ದಾರಿಯುದ್ದಕ್ಕೂ, ಹಬ್ಬದ ಮನೆಗೆ ಹೊರಟವಳಂತೆ, ಎಣ್ಣೆಯ ಪೊಟ್ಟಣ ಹಿಡಿದು ನಡೆದೆ. ಕಾಕಾ, ಆಮೇಲಿನ ತಿಂಗಳುಗಳಲ್ಲಿ ನಿಮ್ಮಲ್ಲಿ ನಾನು ಕೊಂಡ ಬೇಡದ ಸಾಮಾನುಗಳಿಗೆ ಕಾರಣ ಇದೇ. ನೀವು ಒಂದು ಸಲವೂ ಮುಖ ತಿರುಗಿಸಲಿಲ್ಲ, ಪಾಪ ಎನ್ನಲಿಲ್ಲ, ನಿಮಗೆ ನನ್ನ ವಂದನೆಗಳು.

ಸಹಕಾರಿ ಸಂಘದವರು ಕೊಟ್ಟ ಡೈರಿಯೊಂದು ಮನೆಯಲ್ಲಿ ಖಾಲಿ ಬಿದ್ದಿತ್ತು. ದಿನಕ್ಕೊಂದು ಕೆಲಸ ಅದರಲ್ಲಿ ಬರೆಯತೊಡಗಿದೆ. ಮೀನಿನವನ ಹತ್ತಿರ ಬಂಗುಡೆಯ ಕ್ರಯ ಕೇಳುವುದು. ಕಚೇರಿಯ ಫೋನ್ ರಿಂಗಾದಾಗ ನೀರು ಕುಡಿಯುವ ನೆಪದಲ್ಲಿ ಏಳದಿರುವುದು. ಗ್ಯಾಸ್ ಏಜೆನ್ಸಿಗೆ ಕರೆ ಮಾಡಿ ಸಿಲಿಂಡರ್ ಹೇಳುವುದು. (ಈಗ ಅದಕ್ಕೆ ಮಿಸ್ಡ್ ಕಾಲ್ ಸಾಕು. ಲೋಕಕ್ಕೆ ಅನುಕೂಲವಾಯಿತು, ನನಗೊಂದು ಅಭ್ಯಾಸ ತಪ್ಪಿತು.) ರಾತ್ರಿ ಲೆಕ್ಕ ನೋಡುವವಳು ಮಗಳು. ಮೊದಮೊದಲು, ಉಗ್ಗಿ ಹೇಳಿದ ದಿನ ನಾನು ಗೆರೆ ಎಳೆದು ಬಿಡುತ್ತಿದ್ದೆ, ಸರಿ ಗುರುತು ಹಾಕುತ್ತಿರಲಿಲ್ಲ. ಅವಳು ಪೆನ್ನು ಕಿತ್ತುಕೊಂಡು ಕೇಳಿದಳು, “ಅಮ್ಮ, ಮೀನಿನವನಿಗೆ ಕೇಳಿಸಿತೋ ಇಲ್ಲವೋ?” ಕೇಳಿಸಿತು. “ಕ್ರಯ ಹೇಳಿದನೋ ಇಲ್ಲವೋ?” ಹೇಳಿದ. ಅವಳೇ ಸರಿ ಗುರುತು ಹಾಕಿದಳು. ಆಮೇಲೆ ನಮ್ಮ ಮನೆಯ ಕಾನೂನು ಅದೇ ಆಯಿತು: ಹೇಳಬೇಕೆಂದದ್ದನ್ನು ಹೇಳಿಯಾಯಿತೇ, ಅಷ್ಟು ನೋಡುವುದು, ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದಿಲ್ಲ. ಕೇಳುವವರಿಗೆ ಇದು ಚಿಕ್ಕ ತಿದ್ದುಪಡಿ ಅನ್ನಿಸಬಹುದು. ನನ್ನ ಪಾಲಿಗೆ ಎಲ್ಲ ತಿರುಗಿದ್ದು ಅಲ್ಲಿ. ಮೊದಲು ಬೆಳಗಾದರೆ ಇಂದು ಎಲ್ಲೆಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಯೋಚನೆ ಬರುತ್ತಿತ್ತು. ಈಗ ಇಂದು ಏನು ಕೇಳಲಿ ಎಂಬ ಯೋಚನೆ ಬರುತ್ತದೆ, ಅದರಲ್ಲಿ ಒಂದು ಮೋಜಿದೆ. ಸಂತೋಷ ಎನ್ನುವಷ್ಟು ದೊಡ್ಡ ಹೆಸರು ಅದಕ್ಕೆ ಬೇಡವೆಂದರೆ ಮೋಜು ಎಂದೇ ಇರಲಿ.

“ಬದಿಯಡ್ಕ” ಎಂಬ ಮಾತು ಡೈರಿಗೆ ಬಂದದ್ದು ತುಂಬ ತಡವಾಗಿ. ಕುಂಬಳೆಯಿಂದ ಹೊರಟ ಬಸ್ಸು ಸೀತಾಂಗೋಳಿ ದಾಟುವಾಗ ಕಂಡಕ್ಟರ್ ಬಂದರು. ತುಟಿ ಕೂಡಿತು. ಹಿಂದಿನ ಸೀಟಿನವರು ಚಿಲ್ಲರೆ ಹಿಡಿದು ಕಾಯುತ್ತಿದ್ದರು. ಆ ಪುಣ್ಯಾತ್ಮ ಟಿಕೆಟ್ ಯಂತ್ರದ ಮೇಲೆ ಬೆರಳಿಟ್ಟುಕೊಂಡು ನಿಂತರು. ವರ್ಷಗಳಿಂದ ಮುಳ್ಳೇರಿಯದ ಟಿಕೆಟ್ ಕೊಟ್ಟು, ಬದಿಯಡ್ಕದಲ್ಲಿ ನನ್ನನ್ನು ಇಳಿಸಿದವರು. ನಾನೆಲ್ಲಿಗೆ ಹೋಗುವವಳೆಂದು ಅವರಿಗೆ ಗೊತ್ತಿಲ್ಲವೇ? ಗುಂಡಿ ಒತ್ತಿಬಿಡಬಹುದಿತ್ತು. ಒತ್ತಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಟಿಕೆಟ್ ಹರಿದು ಕೊಟ್ಟು, “ಇವತ್ತು ಚಿಲ್ಲರೆ ಉಳಿಯಿತಲ್ಲ ಅಕ್ಕಾ” ಎಂದು ಮುಂದೆ ಹೋದರು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈಗ ನೀವು ಆ ಬಸ್ಸಿನಲ್ಲೂ ಇಲ್ಲ. ಇದನ್ನು ಓದಿದ ಯಾರಾದರೂ ನಿಮಗೆ ತಲುಪಿಸಿಯಾರು ಎಂದುಕೊಂಡಿದ್ದೇನೆ.

ಅತ್ತೆಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯದು. ನೆಂಟರು ಬಂದಾಗ ನನಗೆ ಕೇಳಿದ ಪ್ರಶ್ನೆಗೆಲ್ಲ ಅವರೇ ಉತ್ತರ ಕೊಡುತ್ತಿದ್ದರು, ಅಕ್ಕರೆಯಿಂದಲೇ. ಇನ್ನು ಹಾಗೆ ಮಾಡಬೇಡಿ ಎಂದು ಕೇಳಿಕೊಂಡ ಮೇಲೆ, ನನ್ನ ಮಾತು ತಡೆದಾಗೆಲ್ಲ ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕುಳಿತುಬಿಡುತ್ತಾರೆ. ಬಾಯಿ ಸುಮ್ಮನಿರಲು ಅವರಿಗೆ ಬೇರೆ ಉಪಾಯ ಸಿಗಲಿಲ್ಲವಂತೆ. ಕೇರಳದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯ ನಮ್ಮ ಅಯಲ್ಕೂಟದ, ಅಂದರೆ ನೆರೆಮನೆಯವರ ಗುಂಪಿನ, ಅಕ್ಕಂದಿರೂ ಹಾಗೆಯೇ. ಎಲ್ಲರೂ ಸೇರಿ ಪ್ರಾರ್ಥನೆ ಹಾಡುವಾಗ ನನಗೆ ಉಗ್ಗೇ ಇಲ್ಲ. ಹಾಡುವಾಗ, ಒಟ್ಟಿಗೆ ಹೇಳುವಾಗ ಹೆಚ್ಚಿನ ಉಗ್ಗುವವರಿಗೆ ಅದು ಬರುವುದಿಲ್ಲ. ವರದಿ ಓದಲು ಒಬ್ಬಳೇ ಎದ್ದರೆ ಮತ್ತೆ ಹಾಜರು. ಬೇರೆಯವರು ಐದು ನಿಮಿಷದಲ್ಲಿ ಓದುವ ವರದಿಗೆ ನನಗೆ ಕಾಲು ಗಂಟೆ ಬೇಕಾಗುತ್ತಿತ್ತು. ಮನೆಯಲ್ಲಿ ಒಲೆಯ ಮೇಲೆ ಗಂಜಿ ಇಟ್ಟು ಬಂದವರೂ ಎದ್ದು ಹೋಗಲಿಲ್ಲ.

ಇನ್ನು ತಾಳಮದ್ದಲೆ. ನಮ್ಮ ಮಹಿಳಾ ಸಂಘದಲ್ಲಿ ನಾನು ಹಲವು ವರ್ಷ ಅರ್ಥ ಬರೆದುಕೊಡುವವಳಾಗಿದ್ದೆ. ನನ್ನ ಮಾತುಗಳನ್ನು ಬೇರೆಯವರು ಸೊಗಸಾಗಿ ಆಡುತ್ತಿದ್ದರು, ಚಪ್ಪಾಳೆಯೂ ಬೀಳುತ್ತಿತ್ತು. ಮೂಲೆಯಲ್ಲಿ ಕುಳಿತು ಕೇಳುವುದೂ ಒಂದು ಸುಖವೇ, ಸುಳ್ಳು ಹೇಳಲಾರೆ. ಈ ಸಲ ವಿದುರನಾಗಬೇಕಿದ್ದವರು ಮಗಳ ಬಾಣಂತನಕ್ಕೆ ಹೊರಟು ನಿಂತರು. ಭಾಗವತರು ನನ್ನ ಕಡೆ ನೋಡಿ, “ಬರೆದವರೇ ಹೇಳಲಿ, ಕಂಠಪಾಠದ ಶ್ರಮ ಉಳಿಯುತ್ತದೆ” ಎಂದರು. ಅದು ತಮಾಷೆಯೋ ತೀರ್ಮಾನವೋ ತಿಳಿಯುವ ಮೊದಲೇ ನಾನು ಆಗಲಿ ಎಂದಾಗಿತ್ತು.

ಮೊದಲರ್ಧ ಕಷ್ಟವಾಗಲಿಲ್ಲ. ಕೃಷ್ಣ ಮನೆಗೆ ಬಂದಾಗ ವಿದುರನಿಗೆ ಆನಂದದಿಂದ ಮಾತೇ ಹೊರಡುವುದಿಲ್ಲ, ನನಗೂ ಹೊರಡಲಿಲ್ಲ, ಸಭೆಗೆ ಅದು ಭಕ್ತಿಯಾಗಿಯೇ ಕಂಡಿರಬೇಕು. ಪರೀಕ್ಷೆ ಇದ್ದದ್ದು ಆಸ್ಥಾನದಲ್ಲಿ. ಕೌರವ ದಾಸೀಪುತ್ರನೆಂದು ಹಳಿಯುತ್ತಾನೆ, ವಿದುರ ಬಿಲ್ಲು ಮುರಿಯುತ್ತಾನೆ. ಬರೆಯುವಾಗ ನಾನು ಹಾಳೆಯಲ್ಲಿ ಧನುಸ್ಸು ಎಂದೇ ಬರೆದುಕೊಂಡಿದ್ದೆ, ಧಕಾರ ಸುಲಭ ಎಂದು. ಹಿಂದಿನ ರಾತ್ರಿ ಅದನ್ನು ಹೊಡೆದುಹಾಕಿ ಬಿಲ್ಲು ಎಂದು ಬರೆದೆ. ಮುಳ್ಳೇರಿಯದ ಟಿಕೆಟ್ ಮತ್ತೆ ಕೊಳ್ಳಲು ಮನಸ್ಸಾಗಲಿಲ್ಲ.

ಪದ್ಯ ಮುಗಿಯಿತು. “ಕೌರವಾ, ಈ…” ಎಂದೆ. ಅಲ್ಲಿಗೆ ನಿಂತಿತು. ತುಟಿ ಬಿಗಿದು, ದವಡೆ ಗಟ್ಟಿಯಾಗಿ, ಕತ್ತಿನ ನರ ಸೆಟೆಯಿತು. ತಗಡಿನ ಮಾಡಿನ ಮೇಲೆ ಮಳೆ, ಅದರಡಿಯಲ್ಲಿ ಶ್ರುತಿ ಮಾತ್ರ ಕೇಳಿಸುತ್ತಿತ್ತು. ಎದುರು ಕೌರವನಾಗಿ ಕುಳಿತಿದ್ದವರು ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾದ ಟೀಚರ್. ಅವರು ನನ್ನ ಸಹಾಯಕ್ಕೆ ಬಿಲ್ಲು ಎಂದುಬಿಡುತ್ತಾರೇನೋ ಎಂದು ಹೆದರಿದೆ. ಅವರು ದಿಂಬಿಗೆ ಒರಗಿ, ಮೀಸೆಯೇ ಇಲ್ಲದ ಮೀಸೆಯ ಮೇಲೆ ಕೈಯಾಡಿಸಿ, “ಹೇಳು ವಿದುರ. ಹೇಳಬೇಕೆಂದಿದ್ದನ್ನು ಪೂರ್ತಿ ಹೇಳು. ಕೌರವನ ಆಸ್ಥಾನಕ್ಕೆ ಅವಸರವಿಲ್ಲ” ಎಂದರು. ಪಾತ್ರ ಬಿಡದೆ, ಅಹಂಕಾರ ಬಿಡದೆ, ನನಗೆ ಬೇಕಾದಷ್ಟು ಹೊತ್ತನ್ನು ದುರ್ಯೋಧನನ ಬೊಕ್ಕಸದಿಂದ ತೆಗೆದುಕೊಟ್ಟರು. ತುಟಿಯ ಬಿಗಿ ಸಡಿಲಿಸಿದೆ. ಉಸಿರು ಹೋಯಿತು, ಅದರ ಬೆನ್ನಿಗೆ ಮಾತು ಬಂತು: “ಈ ಬಿಲ್ಲು ಹಸ್ತಿನಾವತಿಯನ್ನು ಕಾಯಲೆಂದು ಹಿಡಿದದ್ದು. ನಿನ್ನ ನಾಲಿಗೆಯನ್ನು ಕಾಯುವುದಕ್ಕಲ್ಲ.” ಚೆಂಡೆಯವರು ಒಂದು ಪೆಟ್ಟು ಕೊಟ್ಟರು, ಬಿಲ್ಲು ಮುರಿಯಿತು. ಟೀಚರ್, ಶೇಣಿಯವರ ಅರ್ಥವನ್ನು ಎದುರು ಕುಳಿತು ಕೇಳುವ ಭಾಗ್ಯ ನನಗಿರಲಿಲ್ಲ. ಆದರೆ ಪ್ರತ್ಯುತ್ಪನ್ನಮತಿ ಎಂದು ಹಿರಿಯರು ಹೊಗಳುವುದು ಏನನ್ನೆಂದು ನನಗೆ ಆ ದಿನ ತಿಳಿಯಿತು.

ಧೈರ್ಯ ಮಾಡಿ ಮಾತನಾಡು, ಎಲ್ಲ ಸರಿಹೋಗುತ್ತದೆ ಎಂದು ಬಾಲ್ಯದಿಂದ ಹೇಳುತ್ತ ಬಂದವರಿಗೂ ನಮಸ್ಕಾರ. ನಿಮ್ಮ ಮನಸ್ಸು ಒಳ್ಳೆಯದು, ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಧೈರ್ಯ ಮೊದಲು ಬಂದು ಮಾತು ಆಮೇಲೆ ಬರುತ್ತದೆಂದು ನಾನೂ ಅರ್ಧ ಆಯುಷ್ಯ ಕಾದೆ. ತೆಂಗಿನೆಣ್ಣೆ, ಬಂಗುಡೆ, ಬಸ್ ಟಿಕೆಟ್ ಎಂದು ಮಾತು ಮೊದಲು ಬಂತು, ಅದರ ಹಿಂದೆ ಕಾಲೆಳೆಯುತ್ತಾ ಧೈರ್ಯ ಬಂತು. ನಿಮ್ಮ ಮನೆಯಲ್ಲೂ ಉಗ್ಗುವ ಮಗುವಿದ್ದರೆ “ನಿಧಾನ, ನಿಧಾನ” ಎನ್ನಬೇಡಿ, ಅದರ ಮಾತನ್ನು ನೀವು ಮುಗಿಸಬೇಡಿ. ಮುಖ ನೋಡಿಕೊಂಡು ಕಾಯಿರಿ. ಆಗದಿದ್ದರೆ ನಮ್ಮ ಅತ್ತೆಯ ಹತ್ತಿರ ಎಲೆಯಡಿಕೆ ಇದೆ.

ಬಾಣಂತನ ಮುಗಿಸಿ ಬಂದವರಿಗೆ ಅವರ ವಿದುರನನ್ನು ಹಿಂದಿರುಗಿಸಿದ್ದೇನೆ. ಸಂಘದಲ್ಲಿ ಮುಂದಿನದು ಕರ್ಣಪರ್ವವೆಂದು ನಿಶ್ಚಯವಾಗಿದೆ. ನನಗೆ ಶಲ್ಯ ಬೇಕೆಂದು ಭಾಗವತರಲ್ಲಿ ಕೇಳಿದ್ದೇನೆ. ರಥ ಹೊಡೆಯುತ್ತಾ ಕರ್ಣನನ್ನು ಉದ್ದಕ್ಕೂ ಚುಚ್ಚಿ ಮಾತನಾಡುವ ಪಾತ್ರ, ಮಾತು ಬಹಳ. ರಾತ್ರಿ ಬೆಳಗಾಗಬಹುದು ಎಂದು ಅವರಿಗೆ ಚಿಂತೆ. ಇನ್ನೂ ಒಪ್ಪಿಲ್ಲ.