ಹನೋಯ್‌ನಿಂದ ಚಿತ್ರ ಬರೆಯುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಇವತ್ತು ಇಡೀ ದಿನ ನಿನ್ನದೇ ನೆನಪು ಕಣೋ. ಮೈಸೂರು ಶೈಲಿಯ ಕಟ್ಟು ಬಿಟ್ಟು ಹೊಸದೇನಾದರೂ ಮಾಡಿದರೆ ಹಿರಿಯರು ಒಪ್ಪುತ್ತಾರೋ ಇಲ್ಲವೋ ಅಂತ ಕೊರಗುತ್ತಿದ್ದೆಯಲ್ಲ, ಅದಕ್ಕೆ ಹೇಳಬೇಕಾದ ಮಾತು ನನಗೆ ಇಲ್ಲಿ ಸಿಕ್ಕಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ ಅಂತ ಬರೆಯಲು ಕೂತೆ.

ಬೆಳಿಗ್ಗೆ ಇಲ್ಲಿನ, ಅಂದರೆ ವಿಯೆಟ್ನಾಂ ರಾಜಧಾನಿಯ, ಲಲಿತಕಲಾ ಮ್ಯೂಸಿಯಂಗೆ ಹೋದೆ. ಫ್ರೆಂಚರ ಕಾಲದಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯಾಗಿದ್ದ ಕಟ್ಟಡ, 1966ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಎಣ್ಣೆಬಣ್ಣ, ರೇಷ್ಮೆಯ ಮೇಲಿನ ಚಿತ್ರ ಎಲ್ಲವೂ ಇವೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಸೋನ್ ಮಾಯ್’ ಎಂಬ ಅರಗಿನ ಚಿತ್ರಗಳು. ನಮ್ಮ ಚನ್ನಪಟ್ಟಣದ ಅರಗು ಹುಳುವಿನಿಂದ ಬರುತ್ತದೆ. ಇಲ್ಲಿನ ಅರಗು ಮರದ ರಸ. ಹಲಗೆಯ ಮೇಲೆ ಒಂದು ಪದರ ಬಳಿಯಬೇಕು, ತೇವದ ಗಾಳಿಯಲ್ಲಿ ಒಣಗಿಸಬೇಕು, ಮತ್ತೆ ಬಳಿಯಬೇಕು. ರಸದ ಬಣ್ಣವೇ ಕಂದು, ಹಾಗಾಗಿ ಅದರಲ್ಲಿ ಅಚ್ಚ ಬಿಳುಪು ಬರುವುದಿಲ್ಲ. ಬಿಳುಪು ಬೇಕಾದ ಕಡೆ ಮೊಟ್ಟೆಯ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಬೆಳ್ಳಿ, ಬಂಗಾರದ ರೇಕು ಪದರಗಳ ನಡುವೆ ಹೋಗುತ್ತದೆ. ಕೊನೆಗೆ ನೀರು ಹಾಕಿ ಉಜ್ಜುತ್ತಾ ಹೋದಂತೆ ಒಳಗೆ ಹುದುಗಿದ ಬಣ್ಣ ಮೇಲೆ ಬರುತ್ತದೆ. ಎಲ್ಲಿ ಎಷ್ಟು ಉಜ್ಜಬೇಕು ಅನ್ನುವುದರಲ್ಲೇ ಕೈಚಳಕ. ನೀನು ರೇಕು ಅಂಟಿಸುವಾಗ ಉಸಿರು ಬಿಗಿಹಿಡಿಯುವುದು ಕಣ್ಣಮುಂದೆ ಬಂತು.

ಮುಖ್ಯ ವಿಷಯ ಇದು. ಈ ಮರದ ರಸ ಶತಮಾನಗಳಿಂದ ದೇವರ ಮಂಟಪಕ್ಕೆ, ಪೆಟ್ಟಿಗೆ ತಟ್ಟೆಗಳಿಗೆ ಬಳಿಯುವ ವಸ್ತುವಾಗಿತ್ತು. 1925ರಲ್ಲಿ ಇಲ್ಲಿ ಇಂಡೋಚೀನಾ ಲಲಿತಕಲಾ ಶಾಲೆ ಶುರುವಾಯಿತು. ಅಲ್ಲಿ ಕಲಿತ ಹುಡುಗರು ಅದೇ ರಸವನ್ನು ಹೊಸ ಚಿತ್ರಕ್ಕೆ ಬಳಸಿಕೊಂಡರು. ಅವರಲ್ಲಿ ಒಬ್ಬರಾದ ನ್ಗುಯೆನ್ ಗಿಯಾ ತ್ರಿ 1939ರಲ್ಲಿ ಮಾಡಿದ ಮಡಿಸುವ ತೆರೆಯೊಂದು ಇಲ್ಲಿದೆ. ಒಂದು ಬದಿಯಲ್ಲಿ ತೋಟದಲ್ಲಿರುವ ಹೆಣ್ಣುಮಕ್ಕಳು, ಇನ್ನೊಂದು ಬದಿಯಲ್ಲಿ ಕೆಸುವಿನ ಜಾತಿಯ ಗಿಡಗಳು. ಒಂದು ಸಲ ಎದುರಿಗೆ, ಒಂದು ಸಲ ಪಕ್ಕಕ್ಕೆ ನಿಂತು ನೋಡಿದೆ. ನಿಂತ ಜಾಗ ಬದಲಾದರೆ ಬಂಗಾರದ ಹೊಳಪೇ ಬೇರೆ.

ಹೊಟ್ಟೆ ಚುರುಗುಟ್ಟಿದ ಮೇಲೆ ಹೊರಬಿದ್ದೆ. ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಒಬ್ಬ ಅಜ್ಜಿ, ಒಂದು ಹಬೆಯ ಪಾತ್ರೆ. ಪಾತ್ರೆಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಾರೆ. ಅಕ್ಕಿ ಹಿಟ್ಟನ್ನು ಅದರ ಮೇಲೆ ಸೌಟಿನಿಂದ ಸವರಿ, ಮುಚ್ಚಿ, ಕ್ಷಣದಲ್ಲಿ ಬಿದಿರಿನ ಕಡ್ಡಿಯಿಂದ ಎತ್ತಿಬಿಡುತ್ತಾರೆ. ನಮ್ಮ ನೀರುದೋಸೆಗಿಂತ ತೆಳು, ತಟ್ಟೆಯ ನೀಲಿ ಹೂವು ಆಚೆಯಿಂದ ಕಾಣುತ್ತದೆ. ಇದೇ ‘ಬಾನ್ ಕುವೊನ್’. ಸಾಮಾನ್ಯವಾಗಿ ಒಳಗೆ ಹಂದಿಮಾಂಸ, ಅಣಬೆ ಇಡುತ್ತಾರೆ. ನಾನು ಹೂರಣವಿಲ್ಲದ್ದನ್ನೇ ಕೇಳಿ, ಮೇಲೆ ಹುರಿದ ಈರುಳ್ಳಿ ಉದುರಿಸಿಕೊಂಡು ತಿಂದೆ. ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೊಂದು ತಟ್ಟೆ ಹೇಳಿದೆ.

ಮ್ಯೂಸಿಯಂ ಪಕ್ಕದಲ್ಲೇ 1070ರಲ್ಲಿ ಕಟ್ಟಿದ ವಾನ್ ಮಿಯೆವ್, ಕನ್ಫ್ಯೂಷಿಯಸ್‌ನ ಗುಡಿ. ಪದವಿ ಮುಗಿಸಿದ ಹುಡುಗಿಯರು ‘ಆವೊ ಜಾಯ್’ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೂ ಆಸೆಯಾಗಿ ಬಾಡಿಗೆಗೆ ಒಂದು ತೊಟ್ಟೆ. ಮೈಗೆ ಒತ್ತಿ ಕೂರುವ ಉದ್ದನೆಯ ನಿಲುವಂಗಿ, ಸೊಂಟದ ಹತ್ತಿರದಿಂದಲೇ ಎರಡೂ ಬದಿ ಸೀಳು, ಒಳಗೆ ಸಡಿಲ ಪ್ಯಾಂಟು. ಬೆನ್ನು ಬಗ್ಗಿಸಿ ನಡೆಯಲು ಬಿಡದ ಉಡುಪು ಅದು.

ಇದು ಸಾವಿರಾರು ವರ್ಷದ ಉಡುಪು ಅಂದುಕೊಂಡಿದ್ದೆಯಾ? 1744ರಲ್ಲಿ ವಿಯೆಟ್ನಾಮಿನ ದಕ್ಷಿಣ ಭಾಗದ ದೊರೆ ನ್ಗುಯೆನ್ ಫುಕ್ ಖ್ವಾತ್ ತನ್ನ ಆಸ್ಥಾನಕ್ಕೆ ಗುಂಡಿಯ ನಿಲುವಂಗಿ, ಪ್ಯಾಂಟು ಕಡ್ಡಾಯ ಮಾಡಿದ. ಮುಂದೆ ಅದು ಐದು ತುಂಡು ಬಟ್ಟೆ ಸೇರಿಸಿ ಹೊಲಿದ ದೊಗಲೆ ಅಂಗಿಯಾಗಿ ಬಳಕೆಯಲ್ಲಿತ್ತು. ಅದನ್ನು 1934ರಲ್ಲಿ ಮೈಗೊಪ್ಪುವಂತೆ ಮರುರೂಪಿಸಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು ನ್ಗುಯೆನ್ ಕಾತ್ ತುವಾಂಗ್ ಎಂಬ ಚಿತ್ರಕಾರ. ಅವನು ಓದಿದ್ದೂ ಅದೇ ಕಲಾಶಾಲೆಯಲ್ಲಿ! ಮಾನಗೆಟ್ಟ ಉಡುಪು ಅಂತ ಬೈದವರೂ ಇದ್ದರು. ಆಮೇಲೆ ಲೆ ಫೋ ಎಂಬ ಇನ್ನೊಬ್ಬ ಚಿತ್ರಕಾರ ಹಳೆಯದನ್ನೂ ಹೊಸದನ್ನೂ ಹೊಂದಿಸಿದ, ಅವನೂ ಅದೇ ಶಾಲೆಯವನು. ಇವತ್ತು ಅಮ್ಮಂದಿರು ಮಗಳಿಗೆ ಮದುವೆಗೆ ಹೊಲಿಸುವ ಉಡುಪಿನ ಹಿಂದೆ ಆ ಹುಡುಗರ ಗೆರೆಗಳಿವೆ. ಬೈಗುಳ ಕೇಳಿ ಅವರು ಪೆನ್ಸಿಲ್ ಕೆಳಗಿಟ್ಟಿದ್ದರೆ?

ಸಂಜೆ ಮೊಟ್ಟೆ ಕಾಫಿ ಕುಡಿದೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲೊಂದರ ಕೆಲಸಗಾರ ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಹಾಕಿದ್ದಂತೆ. ನನಗೆ ಸಿಹಿ ಜಾಸ್ತಿ ಅನ್ನಿಸಿತು.

ಆ ತೆರೆಯ ಫೋಟೊ ಕಳಿಸುತ್ತೇನೆ, ಆದರೆ ಆ ಆಳ ಫೋಟೊದಲ್ಲಿ ಬರುವುದಿಲ್ಲ, ನೀನೇ ಬಂದು ನೋಡಬೇಕು. ಸಂತೆಯ ಹೆಂಗಸರನ್ನು ಮೈಸೂರು ಶೈಲಿಯಲ್ಲಿ ಬರೆಯಬೇಕು ಅಂದಿದ್ದೆಯಲ್ಲ, ಅದನ್ನು ಯಾರನ್ನೂ ಕೇಳದೆ ಶುರುಮಾಡು. ನಾನು ಊರಿಗೆ ಬರುವಷ್ಟರಲ್ಲಿ ಕರಡು ಗೆರೆಗಳಾದರೂ ಬಿದ್ದಿರಲಿ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳತಿ