ಕೆಲಸ ಆದ ಮೇಲೆ ಕೊಟ್ಟ ತೆಂಗಿನಕಾಯಿ

ಕೊಲಂಬಸ್, ಒಹಾಯೊ
12 ಅಕ್ಟೋಬರ್ 2025

ತೀರ್ಥರೂಪು ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು. ಅಮ್ಮನಿಗೂ ಓದಿ ಹೇಳಿ.

ನಾವಿಲ್ಲಿ ಕ್ಷೇಮ. ಚಳಿ ಇನ್ನೂ ಜೋರಾಗಿಲ್ಲ. ಮನೆ ಮುಂದಿನ ಮೇಪಲ್ ಮರ ಕೆಂಪಾಗಿ ನಿಂತಿದೆ. ಮಕ್ಕಳು ದೀಪಾವಳಿಗೆ ದಿನ ಎಣಿಸುತ್ತಿದ್ದಾರೆ.

ಹೋದ ಭಾನುವಾರ ಫೋನಿನಲ್ಲಿ, ತಾತನ ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆ ವಿಷಯ ಹೇಳಿದಿರಿ. ತಾತ ಹೋಗಿ ಒಂದೂವರೆ ವರ್ಷ ಆಯಿತು, ಕಾಗದ ಪತ್ರ ಎಲ್ಲ ಸರಿಯಾಗಿದೆ, ಆದರೂ ಕಚೇರಿಯಲ್ಲಿ ಕೂತವರು 'ಖರ್ಚಿಗೆ' ಅಂತ ಐದು ಸಾವಿರ ಕೇಳಿದರು ಅಂದಿರಿ. ಅದಾದ ಮೇಲೆ ನೀವು ಹೇಳಿದ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿದೆ. "ನೀನಿರೋ ಕಡೆ ಇದೆಲ್ಲ ಇಲ್ಲ ಬಿಡಮ್ಮ. ಅಲ್ಲಿ ಜನಕ್ಕೆ ದುಡ್ಡಿದೆ, ಅದಕ್ಕೇ ಯಾರೂ ಕೈ ಚಾಚಲ್ಲ." ಆಗ ನಾನು ಹ್ಞೂಂ ಅಂದು ಸುಮ್ಮನಾದೆ. ಮಕ್ಕಳು ಫೋನ್ ಕಿತ್ತುಕೊಳ್ಳುತ್ತಿದ್ದರು. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಅಪ್ಪ, ನಿಮ್ಮ ಮಾತಿನಲ್ಲಿ ಅರ್ಧ ನಿಜ. ನಾನು ಬಂದು ಹನ್ನೊಂದು ವರ್ಷವಾಯಿತು. ಡ್ರೈವಿಂಗ್ ಲೈಸೆನ್ಸ್ ಮಾಡಿಸಿದೆ, ಮನೆ ರಿಜಿಸ್ಟರ್ ಮಾಡಿಸಿದೆ, ಕರೆಂಟು ನೀರು ಹಾಕಿಸಿಕೊಂಡೆ. ಒಬ್ಬರೂ ಒಂದು ಪೈಸೆ ಕೇಳಲಿಲ್ಲ. ಕೌಂಟರಿನಲ್ಲಿ ಕೂತವರು ನಕ್ಕು ಮಾತಾಡಿಸಿ, ಕೆಲಸ ಮುಗಿಸಿ ಕಳಿಸಿದರು. ಇದು ಸಣ್ಣ ವಿಷಯ ಅಲ್ಲ. ನಮ್ಮೂರಿನ ಮುದುಕರು ಒಂದು ಸಹಿಗೆ ಎಂಟು ಸಲ ತಿರುಗುವುದನ್ನು ಕಂಡವಳು ನಾನು.

ಆದರೆ 'ದುಡ್ಡಿರೋ ಕಡೆ ಲಂಚ ಇರಲ್ಲ' ಅನ್ನುವುದು ಸುಳ್ಳು. ಅದು ನನಗೆ ಗೊತ್ತಾಗಿದ್ದು ಕರೆಂಟು ಬಿಲ್ಲಿನ ಮೂಲಕ. ನೀವು ಮೂವತ್ತು ವರ್ಷ ಕೆಇಬಿ ಕಂಬ ಹತ್ತಿದವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ರಾಜ್ಯದ ಉತ್ತರಕ್ಕೆ ಈರಿ ಅಂತ ದೊಡ್ಡ ಸರೋವರ ಇದೆ. ಅದರ ದಡದಲ್ಲಿ ಡೇವಿಸ್-ಬೆಸ್ಸಿ, ಪೆರಿ ಅಂತ ಎರಡು ಅಣು ವಿದ್ಯುತ್ ಸ್ಥಾವರಗಳು. ಆಕ್ರನ್ ಊರಿನ ಫಸ್ಟ್‌ಎನರ್ಜಿ ಅನ್ನುವ ಕಂಪನಿಯ ಒಂದು ಅಂಗಸಂಸ್ಥೆ ಅವನ್ನು ನಡೆಸುತ್ತಿತ್ತು. ಗ್ಯಾಸಿನ ಕರೆಂಟು ಅಗ್ಗವಾಗಿ ಇವುಗಳಿಗೆ ನಷ್ಟ ಬಂತು. 2018ರಲ್ಲಿ ಆ ಅಂಗಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಸರ್ಕಾರ ಕೈ ಹಿಡಿಯದಿದ್ದರೆ ಮುಚ್ಚುತ್ತೇವೆ ಅಂದರು.

ಅದೇ ಹೊತ್ತಿಗೆ ಲ್ಯಾರಿ ಹೌಸ್‌ಹೋಲ್ಡರ್ ಅನ್ನುವ ಶಾಸಕ ವಿಧಾನಸಭೆಯ ಸ್ಪೀಕರ್ ಆಗಲು ಓಡಾಡುತ್ತಿದ್ದ. ನಮ್ಮಲ್ಲಿ ಸ್ಪೀಕರ್ ಅಂದರೆ ಸಭೆ ನಡೆಸುವವರು. ಇಲ್ಲಿ ಹಾಗಲ್ಲ. ಯಾವ ಮಸೂದೆ ಮುಂದೆ ಬರಬೇಕು, ಯಾವುದು ಕಪಾಟಿನಲ್ಲಿ ಕೊಳೆಯಬೇಕು ಅನ್ನುವುದು ಅವನ ಕೈಯಲ್ಲಿ. ಅವನ ಹಿಡಿತದಲ್ಲಿ 'ಜನರೇಷನ್ ನೌ' ಅಂತ ಒಂದು ಸಂಸ್ಥೆ ಇತ್ತು. ಕಾಗದದ ಮೇಲೆ ಅದು ಸಮಾಜ ಸೇವೆಯ ಸಂಸ್ಥೆ. ಇಂಥ ಸಂಸ್ಥೆಗೆ ದುಡ್ಡು ಕೊಟ್ಟವರು ಯಾರು ಅಂತ ಹೇಳಬೇಕಾಗಿಲ್ಲ, ಕಾನೂನೇ ಬಿಟ್ಟುಕೊಟ್ಟಿದೆ. ಅದರೊಳಗೆ ಫಸ್ಟ್‌ಎನರ್ಜಿ ಕಡೆಯಿಂದ ಸುಮಾರು 6 ಕೋಟಿ ಡಾಲರ್ ಹರಿದು ಬಂತು. ಆ ದುಡ್ಡಿನಲ್ಲಿ ಅವನ ಕಡೆಯವರು ಚುನಾವಣೆ ಗೆದ್ದರು. 2019ರ ಜನವರಿಯಲ್ಲಿ ಅವನು ಸ್ಪೀಕರ್ ಆದ. ಅದೇ ವರ್ಷ ಜುಲೈನಲ್ಲಿ 'ಹೌಸ್ ಬಿಲ್ 6' ಪಾಸಾಗಿ ಗವರ್ನರ್ ಸಹಿಯೂ ಬಿತ್ತು. ಆ ಕಾನೂನಿನಿಂದ ಸ್ಥಾವರಗಳಿಗೆ ಸಿಗಬೇಕಾಗಿದ್ದು 100 ಕೋಟಿ ಡಾಲರ್. ಕಟ್ಟಬೇಕಾಗಿದ್ದು ನಾವು. ತಿಂಗಳಿಗೆ ಮನೆಗೆ 85 ಸೆಂಟ್.

ನೋಡಿ ಅಪ್ಪ, ಅಲ್ಲೇ ಇರುವುದು ಜಾಣತನ. 85 ಸೆಂಟಿಗೆ ಯಾರು ಜಗಳಕ್ಕೆ ಹೋಗುತ್ತಾರೆ? ಒಂದು ಬಾಳೆಹಣ್ಣಿನ ಚಿಪ್ಪಿಗೂ ಸಾಲದು. ಲಕ್ಷಾಂತರ ಮನೆಗಳಿಂದ ತಿಂಗಳು ತಿಂಗಳು ಬಂದರೆ ಅದೇ ಹೊಳೆ.

ಇದರ ವಿರುದ್ಧ ಜನಮತಗಣನೆ ನಡೆಯಲಿ ಅಂತ ಕೆಲವರು ಸಹಿ ಸಂಗ್ರಹಕ್ಕೆ ಇಳಿದರು. 90 ದಿನದಲ್ಲಿ 2 ಲಕ್ಷ 65 ಸಾವಿರಕ್ಕಿಂತ ಹೆಚ್ಚು ಸಹಿ ಬೇಕಿತ್ತು. ಆ ಸೆಪ್ಟೆಂಬರಿನಲ್ಲಿ ನಾನು ದೊಡ್ಡವನನ್ನು ಲೈಬ್ರರಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲ ಹತ್ತಿರ ಒಬ್ಬಳು ಹುಡುಗಿ ರಟ್ಟಿನ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲೇ, ಎರಡು ಅಡಿ ದೂರದಲ್ಲಿ, ಇನ್ನೊಬ್ಬ ಗಟ್ಟಿಮುಟ್ಟಾದ ಆಸಾಮಿ. ಯಾರಾದರೂ ಪೆನ್ನು ತೆಗೆದರೆ ಸಾಕು, ಅವನು ನಡುವೆ ಬಂದು "ಇದಕ್ಕೆ ಸಹಿ ಹಾಕಬೇಡಿ" ಅನ್ನುತ್ತಿದ್ದ. ಒಬ್ಬ ಅಜ್ಜಿ ಪೆನ್ನನ್ನು ಹಾಗೇ ವಾಪಸ್ ಕೊಟ್ಟು ಒಳಗೆ ಹೋದರು. ಹುಡುಗಿಯ ಕಣ್ಣಲ್ಲಿ ನೀರಿತ್ತು. ನನಗೆ ಆಗಿನ್ನೂ ಇಲ್ಲಿನ ಪೌರತ್ವ ಇರಲಿಲ್ಲ, ಸಹಿ ಹಾಕುವಂತಿರಲಿಲ್ಲ. ಮಗನ ಕೈ ಹಿಡಿದು ಸುಮ್ಮನೆ ನಿಂತೆ. ಹಾಗೆ ಅಡ್ಡ ಬರುವುದಕ್ಕೇ ಜನರನ್ನು ಕೂಲಿಗೆ ಇಟ್ಟಿದ್ದರು ಅನ್ನುವುದು ಆಮೇಲೆ ಹೊರಗೆ ಬಂತು. ಸಹಿ ಸಂಗ್ರಹಿಸುವವರಿಗೆ ದುಡ್ಡು, ವಿಮಾನದ ಟಿಕೆಟ್ ಕೊಟ್ಟು ಊರು ಬಿಡಿಸಲು ನೋಡಿದರಂತೆ. ಟಿವಿಯಲ್ಲಿ 'ಚೀನಾ ನಮ್ಮ ಕರೆಂಟು ಜಾಲ ಹಿಡಿಯಲು ಬರುತ್ತಿದೆ' ಅನ್ನುವ ಜಾಹೀರಾತು. ಸಹಿ ಸಾಲದೆ ಅರ್ಜಿ ಬಿದ್ದುಹೋಯಿತು.

ಬಯಲಾಗಿದ್ದರಲ್ಲಿ ಒಬ್ಬ ಯುವಕನ ಪಾಲು ದೊಡ್ಡದು. ಅವನು ಸಹಿ ಸಂಗ್ರಹದ ಕಡೆ ಕೆಲಸ ಮಾಡುತ್ತಿದ್ದ. ಒಳಗಿನ ಲೆಕ್ಕ ತಿಳಿಸು ಅಂತ ಎದುರಿನವರು ಅವನಿಗೆ 15,000 ಡಾಲರ್ ಚೆಕ್ ಕೊಟ್ಟರು. ಅವನು ಎಫ್‌ಬಿಐಗೆ ಹೇಳಿದ. ಮೈಗೆ ಮೈಕ್ ಕಟ್ಟಿಕೊಂಡು ಮಾತುಗಳನ್ನು ರೆಕಾರ್ಡ್ ಮಾಡಿಕೊಟ್ಟ. 2020ರ ಜುಲೈ 21ಕ್ಕೆ ಸ್ಪೀಕರ್ ಸೇರಿ ಐದು ಜನ ಅರೆಸ್ಟ್. ಆ 6 ಕೋಟಿಯಲ್ಲಿ ಒಂದಷ್ಟು ಹೌಸ್‌ಹೋಲ್ಡರ್‌ನ ಸ್ವಂತ ಸಾಲಕ್ಕೆ, ಫ್ಲೋರಿಡಾದ ಮನೆಗೆ ಹೋಗಿತ್ತು. ಮರುವರ್ಷ ಕಂಪನಿ ತಪ್ಪೊಪ್ಪಿಕೊಂಡು 23 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. 2023ರಲ್ಲಿ ಸಿನ್ಸಿನಾಟಿಯ ಕೋರ್ಟ್ ಅವನಿಗೆ 20 ವರ್ಷ ಜೈಲು ಹಾಕಿತು. ಈ ವರ್ಷ ಮೇ ತಿಂಗಳಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ.

ಹಾಗಾದರೆ ನ್ಯಾಯ ಸಿಕ್ಕಿತಲ್ಲಮ್ಮ ಅನ್ನುತ್ತೀರಿ. ಹೌದು, ಸಿಕ್ಕಿತು. ಆ 85 ಸೆಂಟನ್ನು ವಸೂಲಿ ಶುರುವಾಗುವ ಮುಂಚೆಯೇ ಕೋರ್ಟ್ ತಡೆಯಿತು. ಆಮೇಲೆ ಅದನ್ನು ರದ್ದೂ ಮಾಡಿದರು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಭಾಗ ಇತ್ತು. 1950ರ ದಶಕದಲ್ಲಿ ಕಟ್ಟಿದ ಎರಡು ಹಳೇ ಕಲ್ಲಿದ್ದಲು ಸ್ಥಾವರಗಳಿಗೂ ನಮ್ಮ ಬಿಲ್ಲಿನಿಂದ ದುಡ್ಡು, ಮನೆಗೆ ತಿಂಗಳಿಗೆ ಒಂದೂವರೆ ಡಾಲರಿನವರೆಗೆ. ಅದರಲ್ಲಿ ಒಂದು ಸ್ಥಾವರ ನಮ್ಮ ರಾಜ್ಯದಲ್ಲೇ ಇಲ್ಲ, ಪಕ್ಕದ ಇಂಡಿಯಾನಾದಲ್ಲಿದೆ. ಕಾನೂನು ಮಾಡಿದವನು ಜೈಲು ಸೇರಿದ ಮೇಲೂ ಎರಡು ವರ್ಷ ಆ ಶುಲ್ಕ ನಡೆಯಿತು. ಈ ಆಗಸ್ಟಿನಲ್ಲಿ ನಿಂತಿದೆ. ಕಳ್ಳನನ್ನು ಹಿಡಿದರು, ಕದ್ದ ಮಾಲನ್ನು ಐದೂವರೆ ವರ್ಷ ನಾವೇ ಹೊತ್ತೆವು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಅದಕ್ಕೆ.

ಇದೆಲ್ಲ ನಮ್ಮ ಬೀದಿಯಲ್ಲಿ ದೊಡ್ಡ ಚರ್ಚೆ. ಪಕ್ಕದ ಮನೆಯ ಹಿರಿಯರ ಬಗ್ಗೆ ಹೇಳಿದ್ದೆನಲ್ಲ, ಲಾರಿ ಓಡಿಸಿ ರಿಟೈರ್ ಆದವರು, ಹಿಮ ಬಿದ್ದಾಗ ನಮ್ಮ ಮನೆ ಮುಂದೆಯೂ ಗುಡಿಸಿಕೊಡುತ್ತಾರೆ. ಅವರು ಯಾವಾಗಲೂ ರಿಪಬ್ಲಿಕನ್ನರಿಗೇ ಓಟು ಹಾಕಿದವರು. ಸಂಜೆ ಅವರ ಮನೆ ಜಗಲಿಯಲ್ಲಿ ಕೂತರೆ ಈ ಮಾತು ಬಂದೇ ಬರುತ್ತದೆ. ಹೌಸ್‌ಹೋಲ್ಡರ್ ಅವರ ಪಕ್ಷದವನೇ. ಆದರೂ ಅವನನ್ನು ಅವರು ವಹಿಸಿಕೊಂಡು ಮಾತಾಡುವುದಿಲ್ಲ, ನೇರವಾಗಿ ಕಳ್ಳ ಅನ್ನುತ್ತಾರೆ. ಜೊತೆಗೇ ಇನ್ನೊಂದು ಕಡೆಯದನ್ನೂ ತೆಗೆಯುತ್ತಾರೆ. ನ್ಯೂಜೆರ್ಸಿಯ ಡೆಮಾಕ್ರಾಟ್ ಸೆನೆಟರ್ ಬಾಬ್ ಮೆನೆಂಡೆಜ್ ಮನೆಯಲ್ಲಿ ಚಿನ್ನದ ಗಟ್ಟಿ ಸಿಕ್ಕಿತು, ಕೋಟಿನ ಜೇಬುಗಳಲ್ಲಿ ನೋಟು ತುರುಕಿತ್ತು, ಅವನಿಗೂ 11 ವರ್ಷ ಆಯಿತು, ಮರೆಯಬೇಡ ಅನ್ನುತ್ತಾರೆ. ಸರಿಯಾದ ಮಾತೇ.

ಅವರ ಮುಖ್ಯ ವಾದ ನಿಮ್ಮದೇ ಅಪ್ಪ. ಹೊಟ್ಟೆ ತುಂಬಿದವನನ್ನು, ದುಡ್ಡು ಮಾಡಿದ ವ್ಯಾಪಾರಿಯನ್ನು ಗೆಲ್ಲಿಸಬೇಕು, ಅವನಿಗೆ ಕದಿಯುವ ದರ್ದು ಇರುವುದಿಲ್ಲ. ನಮ್ಮೂರಲ್ಲೂ ಪ್ರತಿ ಚುನಾವಣೆಗೆ ಇದೇ ಮಾತು ಕೇಳುತ್ತೇವೆ. ನಾನು ಕೇಳಿದೆ, ಆ ಕರೆಂಟು ಕಂಪನಿಯವರು ಹೊಟ್ಟೆಗಿಲ್ಲದೆ 6 ಕೋಟಿ ಡಾಲರ್ ಕೊಟ್ಟರಾ? ಹಸಿದವನು ಕೇಳುವುದು ಐದು ಸಾವಿರ. ಉಳ್ಳವನಿಗೆ ಬೇಕಾಗಿರುವುದು ಕಾನೂನು. ಅದನ್ನು ಒಮ್ಮೆ ಬರೆಸಿಕೊಂಡರೆ ದಿನಾ ಕದಿಯುವ ಕಷ್ಟವೇ ಇಲ್ಲ. ಹೋದ ವರ್ಷದ ಅಧ್ಯಕ್ಷ ಚುನಾವಣೆಗೆ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗಿಂತ ಜಾಸ್ತಿ ಸುರಿದರು. ಗೆದ್ದ ಮೇಲೆ ಸರ್ಕಾರದ ಖರ್ಚು ಕಡಿತ ಮಾಡುವ ಕೆಲಸಕ್ಕೂ ಬಂದು ಕೂತರು. ಅವರ ರಾಕೆಟ್ ಕಂಪನಿಗೆ ಅದೇ ಸರ್ಕಾರದ ದೊಡ್ಡ ದೊಡ್ಡ ಗುತ್ತಿಗೆಗಳಿವೆ. ಹಾಗೆ ಖರ್ಚು ಮಾಡಲು ಕಾನೂನಿನ ಅಡ್ಡಿ ಇಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್, ಐದು ಜನ ಒಂದು ಕಡೆ ನಾಲ್ಕು ಜನ ಒಂದು ಕಡೆ ಆಗಿ, ಕಂಪನಿಗಳು ಚುನಾವಣೆಗೆ ತಾವಾಗಿ ಖರ್ಚು ಮಾಡುವುದೂ ವಾಕ್ ಸ್ವಾತಂತ್ರ್ಯವೇ ಅಂತ ತೀರ್ಪು ಕೊಟ್ಟಿದೆ. "ಕಾರ್ಮಿಕರ ಸಂಘಗಳೂ ಖರ್ಚು ಮಾಡುತ್ತವಲ್ಲ, ಅವರಿಗೆ ಬಾಯಿ ಇರಬೇಕು, ವ್ಯಾಪಾರಿಗೆ ಬೇಡವಾ?" ಅನ್ನುತ್ತಾರೆ ಹಿರಿಯರು. ಬಾಯಿ ಇರಲಿ, ಮೈಕು ಒಬ್ಬನಿಗೇ ಯಾಕೆ ಅಂತ ನಾನು. ಈ ಜಗಳ ಅಲ್ಲಿಗೇ ನಿಂತಿದೆ.

ಒಂದು ಮಾತಿನಲ್ಲಿ ಅವರು ನನ್ನನ್ನು ತಿದ್ದಿದರು, ಅದನ್ನೂ ಹೇಳಬೇಕು. ಸ್ಥಾವರ ಮುಚ್ಚಿದ್ದರೆ ಆ ಊರಿನ ಕೆಲಸಗಾರರ ಗತಿ ಏನು, ಅದರ ತೆರಿಗೆ ನಂಬಿದ ಶಾಲೆಗಳ ಗತಿ ಏನು ಅಂತ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸಹಾಯ ಮಾಡುವುದು ತಪ್ಪಲ್ಲ. ಬೆಳಕಿನಲ್ಲಿ ಕೇಳಿ, ಲೆಕ್ಕ ತೋರಿಸಿ ತಗೊಳ್ಳಬಹುದಿತ್ತು. ಆ ಸಬ್ಸಿಡಿ ರದ್ದಾದ ಮೇಲೂ ಎರಡೂ ಸ್ಥಾವರ ಇವತ್ತಿಗೂ ನಡೆಯುತ್ತಿವೆ.

ಯಾರು ಕೊಟ್ಟರು ಅಂತ ಗೊತ್ತಾಗದ ದುಡ್ಡು ನಮಗೇನೂ ಹೊಸದಲ್ಲ. ಚುನಾವಣಾ ಬಾಂಡ್ ಅಂತ ಆರು ವರ್ಷ ನಮ್ಮಲ್ಲೂ ಇತ್ತಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ಹೆಸರುಗಳನ್ನು ಹೊರಗೆ ಹಾಕಿಸಿತು. ಅವತ್ತು ನನಗೆ ಹೆಮ್ಮೆ ಆಯಿತು. ಹಿರಿಯರಿಗೆ ಹೇಳಿದೆ ಕೂಡ.

ಈ ಪತ್ರ ಬರೆಯಲು ನಿಜವಾದ ಕಾರಣ ಇನ್ನೊಂದಿದೆ. ಇಂಡಿಯಾನಾದಲ್ಲಿ ಪೋರ್ಟೇಜ್ ಅಂತ ಒಂದು ಊರು. ಆಗ ಅಲ್ಲಿ ಮೇಯರ್ ಆಗಿದ್ದವನು ಜೇಮ್ಸ್ ಸ್ನೈಡರ್. ಊರಿಗೆ ಸುಮಾರು 11 ಲಕ್ಷ ಡಾಲರಿನ ಕಸದ ಲಾರಿಗಳನ್ನು ಒಂದು ಕಂಪನಿಯಿಂದ ಕೊಂಡರು. ಅದಾದ ಮೇಲೆ ಆ ಕಂಪನಿ ಮೇಯರಿಗೆ 13,000 ಡಾಲರ್ ಕೊಟ್ಟಿತು. ಸಲಹೆಗೆ ಕೊಟ್ಟ ಫೀಸು ಅಂತ ಅವನು ಹೇಳಿದ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜೂನ್‌ನಲ್ಲಿ ಆರು ನ್ಯಾಯಾಧೀಶರು ಹೇಳಿದ್ದೇನು ಗೊತ್ತಾ? ಮೊದಲೇ ಮಾತಾಡಿಕೊಂಡು ಕೊಟ್ಟರೆ ಲಂಚ. ಕೆಲಸ ಆದ ಮೇಲೆ ಕೃತಜ್ಞತೆಗೆ ಕೊಟ್ಟರೆ ಅದು ಕೇಂದ್ರದ ಆ ಲಂಚದ ಕಾನೂನಿಗೆ ಬರುವುದಿಲ್ಲ, ಬೇಕಾದರೆ ರಾಜ್ಯಗಳು, ಊರುಗಳು ತಮ್ಮ ನಿಯಮ ಮಾಡಿಕೊಳ್ಳಲಿ. ಮೂವರು ಒಪ್ಪಲಿಲ್ಲ.

ಅದನ್ನು ಓದಿದಾಗ ನನಗೆ ನಮ್ಮ ಕ್ವಾರ್ಟರ್ಸಿನ ಜಗಲಿ ಕಣ್ಣಿಗೆ ಕಟ್ಟಿತು. ನಾನಾಗ ಆರನೇ ಕ್ಲಾಸು. ತಿಪಟೂರಿನ ಆ ಕಡೆ ಹಳ್ಳಿಯ ಒಬ್ಬರಿಗೆ ಪಂಪ್‌ಸೆಟ್ಟಿಗೆ ಕನೆಕ್ಷನ್ ಸಿಕ್ಕಿತ್ತು. ಒಂದು ವಾರ ಆದ ಮೇಲೆ ಅವರು ಸೈಕಲ್ ಕ್ಯಾರಿಯರ್‌ಗೆ ಒಂದು ಚೀಲ ತೆಂಗಿನಕಾಯಿ ಕಟ್ಟಿಕೊಂಡು ಬಂದರು. ಸುಲಿದ ಕಾಯಿ, ಜುಟ್ಟು ಬಿಟ್ಟಿದ್ದರು. ನೀವು ಡ್ಯೂಟಿ ಮುಗಿಸಿ ಬಂದು ಕೈ ಕಾಲು ತೊಳೆಯುತ್ತಿದ್ದಿರಿ, ಕಟಿಂಗ್ ಪ್ಲೇಯರ್ ಇನ್ನೂ ಸೊಂಟದಲ್ಲೇ ಇತ್ತು. "ಕೆಲಸ ಆದ ಮೇಲೆ ಕೊಡ್ತಿರೋದು ಸ್ವಾಮಿ, ಲಂಚ ಅಲ್ಲ, ಪ್ರೀತಿಗೆ" ಅಂದರು ಅವರು. ನೀವು ಅವರನ್ನು ಕೂರಿಸಿ, ಅಮ್ಮನ ಕೈಲಿ ಕಾಫಿ ಕೊಡಿಸಿದಿರಿ. ಆಮೇಲೆ ಚೀಲವನ್ನು ನೀವೇ ಎತ್ತಿ ಸೈಕಲ್ಲಿಗೆ ಕಟ್ಟಿದಿರಿ. "ನಾಳೆ ನಿಮ್ಮ ಫ್ಯೂಸೂ ಹೋಗುತ್ತೆ, ಪಕ್ಕದ ತೋಟದವರ ಫ್ಯೂಸೂ ಹೋಗುತ್ತೆ. ಮೊದಲು ಯಾರ ಕಂಬ ಹತ್ತಲಿ ಅಂತ ಯೋಚನೆ ಬಂದಾಗ ನನಗೆ ಈ ಕಾಯಿ ನೆನಪಾಗುತ್ತೆ. ಅದು ಬೇಡ" ಅಂದಿರಿ. ಅಮ್ಮ ಒಳಗಿನಿಂದ ಗೊಣಗಿದ್ದಳು, ಮನೆಯಲ್ಲಿ ಅವತ್ತು ಚಟ್ನಿಗೂ ಕಾಯಿ ಇರಲಿಲ್ಲ.

ಆರು ಜನ ನ್ಯಾಯಾಧೀಶರು ಒಪ್ಪದ ಮಾತನ್ನು ನೀವು ಆ ಜಗಲಿಯಲ್ಲಿ ನಿಂತು ಹೇಳಿದ್ದಿರಿ ಅಪ್ಪ. ಹಾಗಿರುವಾಗ 'ನೀನಿರೋ ಕಡೆ ಇಲ್ಲ' ಅಂತ ನೀವು ಸೋತ ದನಿಯಲ್ಲಿ ಅಂದದ್ದು ನನಗೆ ತಡೆಯಲಾಗಲಿಲ್ಲ.

ಖಾತೆ ವಿಷಯಕ್ಕೆ ಆ ಐದು ಸಾವಿರ ಕೊಡಬೇಡಿ. ಅರ್ಜಿ ಕೊಟ್ಟಾಗ, ಇಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ ಸಕಾಲ ಯೋಜನೆಯ ನಂಬರ್ ಕೊಟ್ಟಿದ್ದರೆ ಆ ಚೀಟಿಯ ಫೋಟೋ ಕಳಿಸಿ, ದಿನ ಮೀರಿದ್ದರೆ ಇಲ್ಲಿಂದಲೇ ಮೇಲ್ಮನವಿ ಬರೆದುಕೊಡುತ್ತೇನೆ. ಕೊಟ್ಟಿಲ್ಲದಿದ್ದರೆ ಹೋಗಿ ಕೇಳಿ ತಗೊಳ್ಳಿ. ತಡವಾದರೆ ಆಗಲಿ, ಜಮೀನು ಎಲ್ಲಿಗೂ ಹೋಗುವುದಿಲ್ಲ. ಅಮ್ಮನಿಗೆ ಮಂಡಿ ನೋವಿನ ಮುಲಾಮು ಕಳಿಸಿದ್ದೇನೆ, ಬಂದ ತಕ್ಷಣ ತಿಳಿಸಿ.

ಇನ್ನೊಂದು ವಿಷಯ. ತೆಂಗಿನಕಾಯಿ ಕಥೆಯನ್ನು ನಿನ್ನೆ ಪಕ್ಕದ ಮನೆಯ ಹಿರಿಯರಿಗೆ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆ ರೈತನ ಹೆಸರೇನು?" ಅಂದರು. ನನಗೆ ನೆನಪಾಗಲಿಲ್ಲ. ನಿಮಗೆ ಗೊತ್ತಿರುತ್ತದೆ, ಭಾನುವಾರ ಫೋನ್ ಮಾಡಿದಾಗ ಹೇಳಿ.

ನಿಮ್ಮ ಮಗಳು,
ಸುಮಾ